ಎರಡು ಹುಣ್ಣಿವೆಯ ಕಾಯ್ದೆ

ಗಾಡಿಯ ಮುಂದೆ ಹಾಕಿ ಎಂಜಿನ್ನು ಚಾಲೂ ಮಾಡುವ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಜೊತೆಗೇ ಇರಬೇಕು, ಎದುರು ಬದಿಗೆ ಹೋಗಬಾರದು. ಜೊತೆಗಿದ್ದರೆ ಎಂಜಿನ್ನು ತಿರುಗಿ ಒದ್ದಾಗ ಹ್ಯಾಂಡಲ್ ಕೈಯಿಂದ ಜಾರಿ ಹೋಗುತ್ತದೆ, ಕೈ ಉಳಿಯುತ್ತದೆ. ಬೈಲಹೊಂಗಲದ ಕಾರ್ ಸ್ಟ್ಯಾಂಡಿನಲ್ಲಿ ಇದನ್ನು ನಾನು ಎಷ್ಟು ಮಂದಿಗೆ ಹೇಳಿಕೊಟ್ಟಿದ್ದೆನೋ ಲೆಕ್ಕವಿಲ್ಲ. ಕಿತ್ತೂರಿನಲ್ಲಿ ಆ ಮುಂಜಾನೆ ನನ್ನ ಹೆಬ್ಬೆರಳೇ ಎದುರು ಬದಿಗೆ ಇತ್ತು.

ತೊಂಬತ್ತರ ದಶಕದ ನಡುವಿನ ಮಾತು. ನನ್ನದು ಹಳೆಯ ಪೆಟ್ರೋಲ್ ಅಂಬಾಸಿಡರ್, ಗೇರಿನ ಕೋಲು ಸ್ಟೇರಿಂಗಿನ ಕೆಳಗೆ ಎಡಕ್ಕೆ ಇರುವಂಥದು. ಕಿತ್ತೂರಿಗೆ ಒಂದು ಬಾಡಿಗೆ ಹೋಗಿತ್ತು. ಥಂಡಿಯಲ್ಲಿ ನಿಂತ ಗಾಡಿ, ಬ್ಯಾಟರಿ ಇಳಿದಿತ್ತು, ಸೆಲ್ಫ್ ತಿರುಗಲಿಲ್ಲ. ಡಿಕ್ಕಿಯಿಂದ ಹ್ಯಾಂಡಲ್ ತೆಗೆದು ಮುಂದೆ ಹಾಕಿ, ಬಾಡಿಗೆಯವರ ಜೊತೆ ಮಾತಾಡುತ್ತಲೇ ಎಳೆದೆ. ಎಂಜಿನ್ನು ತಿರುಗಿ ಒದೆಯಿತು. ಒಣಕಟ್ಟಿಗೆ ಮುರಿದಂಥ ಸಪ್ಪಳ ಕೇಳಿಸಿತು. ಬಲಗೈಯ ಮಣಿಕಟ್ಟಿನ ಮೇಲೆ, ಹೆಬ್ಬೆರಳ ಕಡೆಯ ಎಲುಬು ಮುರಿದಿತ್ತು. ಗಾಡಿಯನ್ನು ಅಲ್ಲಿಯೇ ಗುರುತಿನವರ ಅಂಗಳದಲ್ಲಿ ಬಿಟ್ಟು ಬಸ್ಸು ಹಿಡಿದು ಬೈಲಹೊಂಗಲಕ್ಕೆ ಬಂದೆ. ಡಾಕ್ಟರು ಮೊಣಕೈ ಕೆಳಗಿನಿಂದ ಬೆರಳ ಬುಡದವರೆಗೆ ಪ್ಲಾಸ್ಟರ್ ಹಾಕಿ, ಆರು ವಾರ ಗಾಡಿ ಮುಟ್ಟಬೇಡಿ ಅಂದರು.

ಆರು ವಾರ ಅಂದಾಗ ನಾನು ನೋವನ್ನು ಮರೆತು ಹುಣ್ಣಿವೆ ಎಣಿಸತೊಡಗಿದೆ.

ಯಾಕೆಂದು ಹೇಳಬೇಕಾದರೆ ನಮ್ಮ ಸ್ಟ್ಯಾಂಡಿನ ಪದ್ಧತಿ ಹೇಳಬೇಕು. ಅಲ್ಲಿ ಹನ್ನೊಂದು ಗಾಡಿ ನಿಲ್ಲುತ್ತಿದ್ದವು. ಪ್ರತಿ ಗಾಡಿಯ ಮುಂದಿನ ಗಾಜಿನ ಮೂಲೆಯಲ್ಲಿ ಬಿಳಿ ಬಣ್ಣದಲ್ಲಿ ಅದರ ನಂಬರು. ನಾವು ಒಬ್ಬರನ್ನೊಬ್ಬರು ಹೆಸರಿಗಿಂತ ನಂಬರಿನಿಂದಲೇ ಕರೆಯುತ್ತಿದ್ದೆವು. ದಿನಾ ಬೆಳಿಗ್ಗೆ ಪಾಳಿ ಒಂದರಿಂದ ಶುರು. ಬರಿ ದಿನಗಳಲ್ಲಿ ನಾಲ್ಕೋ ಐದೋ ಗಾಡಿಗೆ ಬಾಡಿಗೆ ಸಿಗುತ್ತಿತ್ತು, ಉಳಿದವರು ಸಂಜೆತನಕ ಬೇವಿನ ಮರದ ಕೆಳಗೆ ಕೂತು ಎದ್ದು ಹೋಗುವುದು. ನಾನು ನಾಲ್ಕು. ಅಂದರೆ ದಿನಾ ಕೆಲಸ. ಹನ್ನೊಂದನೆಯವನಿಗೆ ವಾರದಲ್ಲಿ ಎರಡು ದಿನ ಸಿಕ್ಕರೆ ಪುಣ್ಯ.

ಎಲ್ಲ ಗಾಡಿಗೂ ಕೆಲಸವಿರುವ ದಿನವೆಂದರೆ ಹುಣ್ಣಿವೆ. ಆ ದಿನ ಸುತ್ತಿನ ಹಳ್ಳಿಗಳ ಮಂದಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಲು ನಮ್ಮ ಸ್ಟ್ಯಾಂಡಿಗೇ ಬರುತ್ತಿದ್ದರು. ಹೀಗಾಗಿ ಸ್ಟ್ಯಾಂಡಿನ ಕಾಯ್ದೆ ಎರಡೇ: ಒಂದು, ಗಾಡಿಯ ಮಾಲೀಕನೇ ಸ್ಟೇರಿಂಗ್ ಹಿಡಿಯಬೇಕು. ಎರಡು, ಸಾಲಾಗಿ ಎರಡು ಹುಣ್ಣಿವೆ ತಪ್ಪಿಸಿದ ಗಾಡಿ ಪಾಳಿಯ ಕೊನೆಗೆ ಹೋಗಬೇಕು. ಇವನ್ನು ಸ್ಟ್ಯಾಂಡಿನ ವಹಿಯಲ್ಲಿ ಬರೆದವನು ನಾನೇ. ಅರಿವೆ ಅಂಗಡಿಯವರೊಬ್ಬರು ಮೂರು ಗಾಡಿ ಕೊಂಡು ಸಂಬಳದ ಡ್ರೈವರುಗಳನ್ನು ಕೂರಿಸಲು ನೋಡಿದಾಗ, ನಮ್ಮ ಹೊಟ್ಟೆಯ ಮೇಲೆ ಕಲ್ಲು ಬೀಳಬಾರದೆಂದು ಎಲ್ಲರೂ ಕೂಡಿ ಮಾಡಿದ ಕಾಯ್ದೆ. ಅಕ್ಷರ ಚಂದ ಅಂತ ಪೆನ್ನು ನನ್ನ ಕೈಗೆ ಬಂತು.

ಎರಡು ವರ್ಷದ ಹಿಂದೆ, ಆಗಿನ ಮೂರನೇ ನಂಬರಿನವನಿಗೆ ಕಾಮಣಿ, ಅಂದರೆ ಕಾಮಾಲೆ, ಆಗಿತ್ತು. ಒಂದು ಹುಣ್ಣಿವೆ ಮಲಗಿದ. ಎರಡನೆಯದಕ್ಕೆ ಹೆಂಡತಿಯ ತಮ್ಮನನ್ನು ಕಳಿಸಿದ, ಅವನು ಗಾಡಿ ಚೆನ್ನಾಗಿಯೇ ಹೊಡೆದ. ಮರುದಿನ ವಹಿ ತೆಗೆದು ಎಲ್ಲರ ಮುಂದೆ ಓದಿದವನು ನಾನು. ಮಾಲೀಕ ಹೊಡೆಯದ ಹುಣ್ಣಿವೆ ತಪ್ಪಿಸಿದ ಲೆಕ್ಕವೇ, ಹೀಗಾಗಿ ಅವನು ಮೂರರಿಂದ ಹನ್ನೊಂದಕ್ಕೆ ಇಳಿದ. ಅವನ ಕೆಳಗಿದ್ದವರೆಲ್ಲ ಒಂದೊಂದು ಮೇಲೆ ಬಂದೆವು. ನಾನು ಐದರಿಂದ ನಾಲ್ಕಕ್ಕೆ ಬಂದದ್ದು ಹಾಗೆ. ಇಬ್ಬರು ಗಾಡಿ ಮಾರಿ ಹೋದ ಮೇಲೆ ಅವನು ಒಂಬತ್ತಕ್ಕೆ ಏರಿದ್ದ, ಅವನ ಹಿಂದೆ ಹೊಸ ಗಾಡಿ ಎರಡು ಬಂದಿದ್ದವು. ಆ ಎರಡು ವರ್ಷ ಅವನು ನನ್ನ ಜೊತೆ ಆಡಿದ ಮಾತು ಬೆರಳಲ್ಲಿ ಎಣಿಸಬಹುದು.

ಕೈ ಮುರಿದ ಮೂರನೇ ದಿನಕ್ಕೆ ಮೊದಲ ಹುಣ್ಣಿವೆ ಹೋಯಿತು. ಹತ್ತನೇ ದಿನ, ಗಾಡಿಯನ್ನು ಕಿತ್ತೂರಿನಿಂದ ತರಿಸಿ ಮನೆಯ ಮುಂದೆ ನಿಲ್ಲಿಸಿದ ಮೇಲೆ, ಸ್ಟ್ಯಾಂಡಿಗೆ ಹೋದೆ. ಒಂಬತ್ತನೆಯವನು ಬಾನೆಟ್ಟಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ನನ್ನ ಪ್ಲಾಸ್ಟರ್ ನೋಡಿ ಎಲೆ ಮಡಿಚಿ ಬಾಯಿಗಿಟ್ಟುಕೊಂಡ.

"ಏನಪಾ ನಾಕನೇ ನಂಬರ, ಕೈಗೆ ಸುಣ್ಣಾ ಹಚ್ಚಿಸ್ಕೊಂಡು ಬಂದೀ? ಮನೀಗೂ ಒಂದು ಕೈ ಹೊಡಸಬೇಕಿತ್ತಿಲ್ಲೋ."

ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ.

"ಒಂದು ಹುಣ್ಣಿವಿ ಹೋತು," ಅಂದ ಅವನು. "ಇನ್ನೊಂದಕ್ಕ ಇಪ್ಪತ್ತಮೂರು ದಿನ ಅದ. ದಿನಾ ಎಣಸಾಕ ಹತ್ತೇನಿ ನಾ."

ನಾನೂ ಎಣಿಸುತ್ತಿದ್ದೆ. ಇಪ್ಪತ್ತಮೂರಕ್ಕೆ ಹುಣ್ಣಿವೆ, ಮೂವತ್ತೆರಡಕ್ಕೆ ಪ್ಲಾಸ್ಟರ್ ಬಿಚ್ಚುವುದು. ನಡುವೆ ಒಂಬತ್ತು ದಿನದ ಕೊರತೆ. ಒಂದನೇ ನಂಬರಿನ ಚಾಚಾ ನಮ್ಮೆಲ್ಲರಿಗೂ ಹಿರಿಯ, ಸ್ಟ್ಯಾಂಡಿನ ವಹಿ ಅವರ ಗಾಡಿಯಲ್ಲೇ ಇರುತ್ತಿತ್ತು. ಅವರ ಮನೆಗೆ ಹೋಗಿ ಕೂತೆ. ಚಹಾ ಕೊಟ್ಟರು. ಒಂಬತ್ತು ದಿನದ ಮಾತು, ಬೇರೆಯವರಿಗೆ ಗಾಡಿ ಕೊಟ್ಟು ಕಳಿಸಲೇ ಎಂದು ಕೇಳಿದೆ. ಅವರು ಚಹಾದ ಬಸಿ ಕೆಳಗಿಟ್ಟರು.

"ಬರದಾಂವ ನೀನ, ಓದಿದಾಂವ ನೀನ," ಅಂದರು. "ಅವಂಗೊಂದು ನಿನಗೊಂದು ಹೆಂಗ ಮಾಡ್ಲಿ? ನೀನ ಹೇಳು."

ಪ್ಲಾಸ್ಟರಿನಲ್ಲೇ ಹೊಡೆಯುತ್ತೇನೆ ಅಂದೆ. ಅವರು ಬೇಡವೆನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ.

ಮರುದಿನದಿಂದ ಬೆಳಿಗ್ಗೆ ಆರಕ್ಕೆ, ಸಂಗೊಳ್ಳಿಯ ದಾರಿಯಲ್ಲಿ ಹೊಲಕ್ಕೆ ಹೋಗುವ ಮಂದಿ ಕಾಣಿಸುವ ಮುನ್ನ, ಅಭ್ಯಾಸ ಶುರುಮಾಡಿದೆ. ಬ್ಯಾಟರಿ ಚಾರ್ಜ್ ಮಾಡಿಸಿದ್ದೆ, ಎಂಜಿನ್ನು ಬಂದಾದರೆ ಹ್ಯಾಂಡಲ್ ಹೊಡೆಯುವುದು ನನ್ನಿಂದ ಆಗುವಂತಿರಲಿಲ್ಲ. ನಮ್ಮ ಮನೆಯಾಕೆ ಪಕ್ಕದಲ್ಲಿ ಕೂರುತ್ತಿದ್ದಳು, ಕಾಲ ಹತ್ತಿರ ಅಡುಗೆಮನೆಯ ಗುಂಡುಕಲ್ಲು. ಗಾಡಿ ಇಳಿಜಾರಿನಲ್ಲಿ ಹಿಂದೆ ಸರಿದರೆ ಇಳಿದು ಗಾಲಿಗೆ ಅಡ್ಡ ಇಡುವುದು ಅವಳ ಕೆಲಸ.

ಗೇರಿಗೆ ಎಡಗೈ ಇತ್ತು, ಅದು ಮೊದಲಿನಂತೆಯೇ. ಕಷ್ಟ ಸ್ಟೇರಿಂಗಿನದು. ಎಡಗೈ ಗೇರಿಗೆ ಹೋದಾಗ ಸ್ಟೇರಿಂಗ್ ಹಿಡಿಯಲು ಬಲಗೈ ಬೇಕು, ಅದಕ್ಕೆ ಹಿಡಿತವಿಲ್ಲ. ಹಾಗಾಗಿ ಪ್ಲಾಸ್ಟರನ್ನು ಸ್ಟೇರಿಂಗಿನ ಅಡ್ಡಪಟ್ಟಿಯೊಳಗೆ ತೂರಿಸಿ ಕೊಂಡಿಯಂತೆ ಸಿಕ್ಕಿಸಿ ನಿಲ್ಲಿಸುವುದನ್ನು ಕಲಿತೆ. ನೆಟ್ಟಗಿನ ದಾರಿಯಲ್ಲಿ ಸಾಕಾಯಿತು. ತಿರುವಿನಲ್ಲಿ ಮೊದಲೇ ಗೇರು ಇಳಿಸಿಕೊಂಡು, ಆಮೇಲೆ ಎಡಗೈಯೊಂದರಿಂದಲೇ ತಿರುಗಿಸಿದೆ. ನಾಲ್ಕನೇ ದಿನಕ್ಕೆ ಗಾಡಿ ನನ್ನ ಮಾತು ಕೇಳತೊಡಗಿತು.

ಮಾತು ಕೇಳದ್ದು ಹ್ಯಾಂಡ್ ಬ್ರೇಕ್. ಅದು ನನ್ನ ಗಾಡಿಯಲ್ಲಿ ಬಲಕ್ಕೆ, ಸೀಟಿಗೂ ಬಾಗಿಲಿಗೂ ನಡುವೆ. ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ಹ್ಯಾಂಡ್ ಬ್ರೇಕ್ ಎಳೆದು, ಕ್ಲಚ್ ಅರ್ಧ ಬಿಟ್ಟು, ಎಂಜಿನ್ನು ಗಾಡಿಯನ್ನು ಹಿಡಿಯಿತು ಅನಿಸಿದಾಗ ಬ್ರೇಕ್ ಬಿಡಬೇಕು. ಎಡಗೈಯನ್ನು ಹೊಟ್ಟೆಯ ಮೇಲಿಂದ ಬಲಕ್ಕೆ ಚಾಚಿ ಎಳೆದರೆ ಬ್ರೇಕಿನ ಕೋಲು ಎರಡು ಹಲ್ಲಿನಷ್ಟು ಮೇಲೆ ಬರುತ್ತಿತ್ತು, ಮೂರನೆಯದು ಬರುತ್ತಿರಲಿಲ್ಲ. ಬರಿ ಗಾಡಿಗೆ, ಸಂಗೊಳ್ಳಿ ದಾರಿಯ ಸಣ್ಣ ಏರಿಗೆ, ಎರಡು ಹಲ್ಲು ಸಾಕಾಯಿತು. ಸಾಕು ಎಂದು ನಾನೂ ಅಂದುಕೊಂಡೆ. ಗುಡ್ಡದ ಏರನ್ನು ಸಾವಿರ ಸಲ ಹತ್ತಿದವನು ಅಂದುಕೊಳ್ಳಬಾರದ ಮಾತು ಅದು.

ಕೊನೆಯ ದಿನ ಗುಂಡುಕಲ್ಲನ್ನು ಒರೆಸಿ ಒಳಗೆ ಒಯ್ಯುವಾಗ ಅವಳು ಅಂದಳು: "ಹನ್ನೊಂದಕ್ಕ ನಿಂತ್ರ ಏನ್ ಸಾಯ್ತೀವೇನ್ರಿ? ಬಿಡ್ರಿ ಅತ್ಲಾಗ."

ಸಾಯುವುದಿಲ್ಲ. ಆದರೆ ಒಂಬತ್ತನೆಯವನು ಬಾನೆಟ್ಟಿನ ಮೇಲಿಂದ ನನ್ನನ್ನು ನೋಡಿ ನಗುವುದನ್ನು, ನನಗಿಂತ ಮೊದಲು ಬಾಡಿಗೆಗೆ ಹೋಗುವುದನ್ನು ದಿನಾ ನೋಡಬೇಕು. ಅದನ್ನು ಅವಳಿಗೆ ಹೇಳಲಿಲ್ಲ.

ಹುಣ್ಣಿವೆಯ ಬೆಳಿಗ್ಗೆ ಏಳಕ್ಕೆ ಗಾಡಿ ತಂದು ನಾಲ್ಕನೇ ಜಾಗದಲ್ಲಿ ನಿಲ್ಲಿಸಿದೆ. ಪ್ಲಾಸ್ಟರಿನ ಮೇಲೆ ಟವೆಲ್ ಇಳಿಬಿಟ್ಟಿದ್ದೆ. ಚಾಚಾ ಒಂದು ಸುತ್ತು ಹಾಕಿ ನೋಡಿ, ನಾನೇ ಹೊಡೆದುಕೊಂಡು ಹೋಗಿ ಬಂದೆನೆಂಬುದಕ್ಕೆ ಸಾಕ್ಷಿಯಾಗಿ ಒಬ್ಬರು ಜೊತೆಗಿದ್ದರೆ ನಾಳೆ ಮಾತು ಬರುವುದಿಲ್ಲ ಅಂದರು. ಯಾರೂ ಮುಂದೆ ಬರಲಿಲ್ಲ, ಹುಣ್ಣಿವೆಯ ಬಾಡಿಗೆ ಬಿಟ್ಟು ಯಾರು ಬರುತ್ತಾರೆ. ಒಂಬತ್ತನೆಯವನು ತನ್ನ ಗಾಡಿಗೆ ಬೀಗ ಹಾಕಿ ಬಂದ. ತನ್ನ ಬಾಡಿಗೆ ಮಧ್ಯಾಹ್ನ ನೋಡಿಕೊಳ್ಳುತ್ತೇನೆ ಎಂದು ಚಾಚಾಗೆ ಹೇಳಿ, ನನ್ನ ಪಕ್ಕದ ಬಾಗಿಲು ತೆಗೆದು ಕೂತ. ಎರಡು ವರ್ಷದಲ್ಲಿ ಅವನು ನನ್ನ ಗಾಡಿ ಹತ್ತಿದ್ದು ಅದೇ ಮೊದಲು.

ನನ್ನ ಪಾಳಿಗೆ ಬಂದವರು ಒಂದು ಹಳ್ಳಿಯ ಮನೆಯವರು: ಹಳದಿ ರುಮಾಲಿನ ಹಿರಿಯ, ಅವರ ಹೆಂಡತಿ, ಸೊಸೆ, ಸೊಸೆಯ ಮಡಿಲಲ್ಲಿ ಮೂರು ತಿಂಗಳ ಕೂಸು. ಕೂಸನ್ನು ಮೊದಲ ಸಲ ಎಲ್ಲಮ್ಮನಿಗೆ ತೋರಿಸಲು ಹೊರಟಿದ್ದರು. ಮಡಿ ಅರಿವೆ ಮುಚ್ಚಿದ, ದೇವಿಯ ನೈವೇದ್ಯದ ಪಡ್ಡಲಗಿ ಬುಟ್ಟಿಯನ್ನು ಹಿರಿಯಾಕೆ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು, ಡಿಕ್ಕಿಯಲ್ಲಿ ಇಡಲು ಒಪ್ಪಲಿಲ್ಲ.

ಊರು ದಾಟಿದ ಮೇಲೆ ಒಂಬತ್ತನೆಯವನು ಹಿಂದಕ್ಕೆ ತಿರುಗಿ, ಡ್ರೈವರಿನ ಹೆಗಲ ಮೇಲಿರಬೇಕಾದ ಟವೆಲ್ ಕೈ ಮೇಲೆ ಯಾಕಿದೆ ಗೊತ್ತೇನು ಎಂದು ಹಿರಿಯರನ್ನು ಕೇಳಿದ. ಹಿರಿಯ ಬಗ್ಗಿ ನೋಡಿದರು. ನಾನೇ ಟವೆಲ್ ತೆಗೆದೆ. ಸೊಸೆ ಕೂಸನ್ನು ಎದೆಗೆ ಒತ್ತಿಕೊಂಡದ್ದು ಕನ್ನಡಿಯಲ್ಲಿ ಕಂಡಿತು.

"ಎಲುಬು ಕೂಡೇತಿ ಇಲ್ಲೋ ತಮ್ಮಾ?" ಹಿರಿಯ ಕೇಳಿದರು.

"ಕೂಡೇತ್ರಿ ಅಜ್ಜಾರ. ಒಂಬತ್ತು ದಿನ ಅಷ್ಟ ಉಳದೈತಿ."

"ಒಂಬತ್ತು ದಿನ ಅಷ್ಟ," ಎಂದು ಒಂಬತ್ತನೆಯವನು ಕಿಟಕಿಯ ಹೊರಗೆ ಉಗುಳಿದ. "ಕಾಮಣಿ ಆದಾಂವಗೂ ಎಂಟು ದಿನ ಅಷ್ಟ ಉಳದಿತ್ತು ಆವಾಗ."

ಸವದತ್ತಿಯವರೆಗೆ ದಾರಿ ಚೆನ್ನಾಗಿಯೇ ಸಾಗಿತು. ಜೋಳದ ಹೊಲ, ಹತ್ತಿ ತುಂಬಿದ ಟ್ರ್ಯಾಕ್ಟರುಗಳು, ಎದುರಿನಿಂದ ಎರಡು ಬಸ್ಸು. ಬಸ್ಸು ದಾಟುವಾಗೆಲ್ಲ ಒಂಬತ್ತನೆಯವನು ನನ್ನ ಎಡಗೈಯನ್ನೇ ನೋಡುತ್ತಿದ್ದ. ಬಲಕ್ಕೆ ತಿರುಗುವಲ್ಲಿ ಬಲಗೈ ಹೊರಗೆ ಚಾಚಿ ಸನ್ನೆ ಮಾಡಬೇಕು. ಪ್ಲಾಸ್ಟರ್ ಕಿಟಕಿಯ ಚೌಕಟ್ಟಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಅವನು ಅದನ್ನೂ ನೋಡಿದ.

ಗುಡ್ಡದ ಬುಡಕ್ಕೆ ಬಂದಾಗ ಹತ್ತು ಗಂಟೆಯಾಗಿತ್ತು. ಏರಿನುದ್ದಕ್ಕೂ ಟ್ರಕ್ಕು, ಟ್ರ್ಯಾಕ್ಟರು, ಚಕ್ಕಡಿ ಸಾಲುಗಟ್ಟಿದ್ದವು. ಅವುಗಳ ನಡುವೆ ಸಂದು ಸಿಕ್ಕಲ್ಲೆಲ್ಲ ನಡೆದು ಹತ್ತುವ ಮಂದಿ. ಸಾಲು ಹತ್ತು ಮಾರು ಸಾಗುತ್ತಿತ್ತು, ನಿಲ್ಲುತ್ತಿತ್ತು.

ಮೊದಲ ಸಲ ನಿಂತಾಗ ಹೊಟ್ಟೆಯ ಮೇಲಿಂದ ಕೈ ಚಾಚಿ ಹ್ಯಾಂಡ್ ಬ್ರೇಕ್ ಎಳೆದೆ. ಎರಡು ಹಲ್ಲು ಬಂತು. ಗಾಡಿ ನಿಂತಿತು. ಹೊರಟೆವು.

ಎರಡನೇ ಸಲ ಏರು ಇನ್ನೂ ಕಡಿದಾಗಿತ್ತು, ಗಾಡಿಯಲ್ಲಿ ಐದು ಮಂದಿಯ ಭಾರ. ಎರಡು ಹಲ್ಲಿಗೆ ಗಾಡಿ ನಿಲ್ಲಲಿಲ್ಲ. ಕ್ಲಚ್ ಅರ್ಧಕ್ಕೆ ಹಿಡಿದು ಎಂಜಿನ್ನಿನ ಮೇಲೆ ನಿಲ್ಲಿಸಿದೆ. ಒಂದು ನಿಮಿಷಕ್ಕೆ ಕ್ಲಚ್ ಪ್ಲೇಟ್ ಸುಡುವ ವಾಸನೆ ಒಳಗೆ ತುಂಬಿತು. ಗಾಲಿಗೆ ಒಂದು ಕಲ್ಲು ಇಡು ಎಂದು ಒಂಬತ್ತನೆಯವನಿಗೆ ಹೇಳಿದೆ. ಅವನು ಕೈಕಟ್ಟಿ ಕೂತಿದ್ದ. ಸಾಕ್ಷಿ ನೋಡಲು ಬಂದಿದ್ದೇನೆ, ಕ್ಲೀನರ್ ಕೆಲಸಕ್ಕಲ್ಲ ಅಂದ. ರುಮಾಲಿನ ಹಿರಿಯರೇ ಇಳಿದು ದಾರಿಬದಿಯ ಕಲ್ಲು ತಂದು ಇಟ್ಟರು. ಹೊರಟಾಗ ಏದುಸಿರು ಬಿಡುತ್ತ ಓಡಿಬಂದು ಹತ್ತಿದರು.

ಮೂರನೇ ಸಲ ನಿಂತದ್ದು ತಿರುವಿನಲ್ಲಿ. ಮುಂದೆ ಚಕ್ಕಡಿಯ ಎತ್ತುಗಳು ಹಟ ಹಿಡಿದಿದ್ದವು. ಬಲಗಾಲು ಬ್ರೇಕಿನ ಮೇಲೆ, ಎಡಗಾಲು ಕ್ಲಚ್ಚಿನ ಮೇಲೆ. ಚಕ್ಕಡಿ ಸರಿಯಿತು. ಬಲಗಾಲನ್ನು ಬ್ರೇಕಿನಿಂದ ಎಕ್ಸಲರೇಟರಿಗೆ ತಂದೆ. ಆ ಅರೆಕ್ಷಣದಲ್ಲಿ ಗಾಡಿ ಹಿಂದೆ ಸರಿಯಿತು. ಬಹಳವಲ್ಲ, ಎರಡು ಗೇಣು. ಡಿಕ್ಕಿಯ ಮೇಲೆ ಧಪಧಪ ಬಡಿದ ಸಪ್ಪಳ, ಹೆಂಗಸೊಬ್ಬಳ ಕೂಗು. ಎರಡೂ ಕಾಲು ಒತ್ತಿ ಹಿಡಿದೆ. ಎಂಜಿನ್ನು ಬಂದಾಯಿತು.

ಕನ್ನಡಿಯಲ್ಲಿ ನೋಡಿದೆ. ಡಿಕ್ಕಿಗೆ ಎರಡೂ ಕೈ ಒತ್ತಿಕೊಂಡು ಒಬ್ಬಾಕೆ ನಿಂತಿದ್ದಳು. ಅವಳ ಹಿಂದೆ ಬುಟ್ಟಿ ಹೊತ್ತ ಇನ್ನಿಬ್ಬರು, ಅವರ ಹಿಂದೆ ಟ್ರ್ಯಾಕ್ಟರಿನ ಮೂತಿ. ನಡುವೆ ಇದ್ದ ಜಾಗ ಆ ಹೆಂಗಸು ನಿಲ್ಲುವಷ್ಟೇ. ಇನ್ನೆರಡು ಗೇಣು ಸರಿದಿದ್ದರೆ ಏನಾಗುತ್ತಿತ್ತು ಎಂಬುದನ್ನು ಲೆಕ್ಕ ಹಾಕಬೇಕಾಗಿರಲಿಲ್ಲ. ಮೇಲೆ ಇನ್ನೂ ಇಂಥ ಮೂರು ತಿರುವು ಇದ್ದವು.

ಅಲ್ಲಿಯವರೆಗೆ ನನ್ನ ತಲೆಯಲ್ಲಿ ಇದ್ದದ್ದು ನಾಲ್ಕು ಎಂಬ ಅಂಕೆ ಮಾತ್ರ. ಅದು ಗಾಜಿನ ಮೂಲೆಯಲ್ಲಿ, ಒಳಗಿನಿಂದ ನೋಡಿದರೆ ತಿರುಗಾಮುರುಗಾ ಕಾಣುತ್ತಿತ್ತು.

"ಈ ಕಡೆ ಬಾ," ಎಂದು ಒಂಬತ್ತನೆಯವನಿಗೆ ಹೇಳಿದೆ. "ನೀ ಹೊಡಿ."

ಅವನು ಅಲುಗಲಿಲ್ಲ. "ಯಾಕ?"

"ನನ್ನ ಕಡಿಂದ ಆಗವಲ್ದು."

"ಕೇಳಿಸಲಿಲ್ಲ. ಅಜ್ಜಾರಿಗೆ ಕೇಳಿಸೂ ಹಂಗ ಹೇಳು."

ಹಿಂದಿನ ಟ್ರ್ಯಾಕ್ಟರು ಹಾರ್ನ್ ಹೊಡೆಯುತ್ತಿತ್ತು. ಕೂಸು ಅಳತೊಡಗಿತ್ತು. ನಾನು ಹಿಂದಕ್ಕೆ ತಿರುಗಿ ಹಿರಿಯರ ಮುಖ ನೋಡಿ, ಈ ಕೈಯಿಂದ ನನಗೆ ಗಾಡಿ ಹೊಡೆಯಲು ಆಗುವುದಿಲ್ಲ, ನಿಮ್ಮನ್ನು ಕೂರಿಸಿಕೊಂಡು ಬಂದದ್ದೇ ತಪ್ಪಾಯಿತು ಅಂದೆ. ಹಿರಿಯಾಕೆ, ಇದನ್ನು ಬೈಲಹೊಂಗಲದಲ್ಲೇ ಹೇಳಬೇಕಿತ್ತು ಅಂದರು. ಸರಿಯಾದ ಮಾತು.

ಒಂಬತ್ತನೆಯವನು ಆಗ ಇಳಿದ. ಮೊದಲು ಹಿಂದಿನ ಗಾಲಿಗೆ ಕಲ್ಲು ಇಟ್ಟ, ಆಮೇಲೆ ನನ್ನ ಬಾಗಿಲಿಗೆ ಬಂದ. ನಾನು ಬೆಂಚಿನಂಥ ಸೀಟಿನ ಮೇಲೆ ಎಡಕ್ಕೆ ಜರುಗಿದೆ. ಅವನು ಕೂತು ಹ್ಯಾಂಡ್ ಬ್ರೇಕ್ ಎಳೆದ, ಐದು ಹಲ್ಲು ಕಟಕಟ ಬಂತು. ಸೆಲ್ಫ್ ಹೊಡೆದ. ಒಂದಿಷ್ಟೂ ಹಿಂದೆ ಸರಿಯದೆ ಗಾಡಿ ಮೇಲೇರಿತು. ಆ ಏರಿನಲ್ಲಿ ಅಷ್ಟು ಚಂದ ಗಾಡಿ ಎತ್ತುವವರು ನಮ್ಮ ಸ್ಟ್ಯಾಂಡಿನಲ್ಲಿ ಇಬ್ಬರೇ ಇದ್ದೆವು.

"ಕ್ಲಚ್ ತಿಂದು ಹಾಕೀದಿ," ಅಂದ.

ಹಿರಿಯರ ಮನೆಯವರು ಮರಳುವಾಗ ಸವದತ್ತಿಯಲ್ಲಿ ಬೀಗರ ಮನೆಗೆ ಇಳಿದರು. ನಾವಿಬ್ಬರೇ ಬೈಲಹೊಂಗಲದ ಹೊರಗೆ ಬಂದಾಗ ಮಧ್ಯಾಹ್ನ ಎರಡು. ಹತ್ತಿ ಬಿಡಿಸುವ ಜಿನ್ನಿನ ಗೋಡೆಯ ಪಕ್ಕ ಅವನು ಗಾಡಿ ನಿಲ್ಲಿಸಿದ. ಕೀಲಿ ತೆಗೆಯದೆ ಇಳಿದು ನನ್ನ ಬಾಗಿಲಿಗೆ ಬಂದ.

"ಆ ಕಡೆ ಜರಗು. ಇಲ್ಲಿಂದ ನೀ ಹೊಡಕೊಂಡು ಹೋಗು. ನೆಟ್ಟನ ದಾರಿ ಐತಿ."

ನನಗೆ ತಿಳಿಯಲಿಲ್ಲ. ಅವನು ಕಿಟಕಿಯ ಮೇಲೆ ಎರಡೂ ಕೈ ಇಟ್ಟು ಬಗ್ಗಿದ.

"ನಾ ಏನೂ ಹೇಳೂದಿಲ್ಲ. ಹೋಗಿ ಬಂದ ಅಂತೇನಿ. ನೀ ನಾಕರಾಗ ಇರು, ಸುಖವಾಗಿರು. ದಿನಾ ಮುಂಜಾನೆ ನನ್ನ ಮಾರಿ ನೋಡು, ಅಷ್ಟ. ಎಷ್ಟು ವರ್ಷ ನೋಡ್ತಿ ನಾನೂ ನೋಡ್ತೇನಿ."

ಅವನು ಸಿಟ್ಟಿನಿಂದ ಹೇಳಲಿಲ್ಲ. ಬಹಳ ದಿನದಿಂದ ಕಾಯ್ದಿಟ್ಟ ಒಂದು ಸಾಮಾನನ್ನು ನೀಡುವವನಂತೆ ಹೇಳಿದ. ಹೂಂ ಅಂದುಬಿಡಲು ಎಷ್ಟು ಮನಸ್ಸಾಯಿತೆಂದು ಬರೆಯದಿದ್ದರೆ ಸುಳ್ಳಾಗುತ್ತದೆ. ಸ್ಟ್ಯಾಂಡಿಗೆ ಅಲ್ಲಿಂದ ಅರ್ಧ ಮೈಲು. ನನ್ನ ಎಡಗೈ ಸ್ಟೇರಿಂಗಿನ ಕಡೆ ಹೋಗಿಯೂ ಹೋಯಿತು.

"ನೀನ ಹೊಡಿ," ಅಂದೆ. "ಸ್ಟ್ಯಾಂಡಿನ ತನಕ."

ಅವನ ಮುಖದ ಮೇಲೆ ಕಂಡದ್ದು ಸಂತೋಷವಲ್ಲ, ಏನೋ ಕೈತಪ್ಪಿದವನ ಸಿಡುಕು. ಬಾಗಿಲು ಜೋರಾಗಿ ಹಾಕಿ ಸುತ್ತಿಬಂದು ಕೂತ.

ಸ್ಟ್ಯಾಂಡಿನಲ್ಲಿ ಚಾಚಾ ಮತ್ತು ಇನ್ನು ನಾಲ್ಕು ಮಂದಿ ಇದ್ದರು. ಸ್ಟೇರಿಂಗಿನ ಹಿಂದೆ ಅವನನ್ನು, ಪಕ್ಕದಲ್ಲಿ ನನ್ನನ್ನು ಎಲ್ಲರೂ ನೋಡಿದರು. ಚಾಚಾ ವಹಿ ತಂದು ಬಾನೆಟ್ಟಿನ ಮೇಲೆ ಇಟ್ಟರು. ಎಂದಿನಂತೆ ಪೆನ್ನು ನನ್ನ ಕಡೆಗೆ ಬಂತು. ಬೇರೆಯವರು ಬರೆಯಲಿ ಎಂದು ಚಾಚಾ ಕೈ ಹಿಂದೆ ತೆಗೆಯುತ್ತಿದ್ದರು, ನಾನೇ ತೆಗೆದುಕೊಂಡೆ. ಎಡಗೈಯಿಂದ ಬರೆದೆ: ನಾಲ್ಕನೇ ಗಾಡಿ ಎರಡು ಹುಣ್ಣಿವೆ ತಪ್ಪಿಸಿದ್ದರಿಂದ ಹನ್ನೊಂದಕ್ಕೆ. ಎರಡೇ ಸಾಲಿಗೆ ಐದು ನಿಮಿಷ ಹಿಡಿಯಿತು. ಅಕ್ಷರಗಳು ಬಿದ್ದು ಎದ್ದು ಹೋಗುತ್ತಿದ್ದವು. ಎರಡು ವರ್ಷದ ಹಿಂದೆ ಮೂರನೇ ಗಾಡಿಯನ್ನು ಹನ್ನೊಂದಕ್ಕೆ ಇಳಿಸಿ ಬರೆದ ನನ್ನ ಚಂದದ ಬರಹ ಅದೇ ಪುಟದ ಮೇಲ್ಗಡೆಯೇ ಇತ್ತು.

ಪೆನ್ನು ಕೆಳಗಿಟ್ಟು, ಮೈ ಸರಿ ಇಲ್ಲದವರಿಗೆ ಈ ಕಾಯ್ದೆ ಇರಬಾರದು, ತೆಗೆದುಹಾಕೋಣ ಅಂದೆ. ಒಂಬತ್ತರಿಂದ ಎಂಟಕ್ಕೆ ಏರಿದ್ದವನು ತನ್ನ ಗಾಡಿಯ ಬೀಗ ತೆಗೆಯುತ್ತಿದ್ದ.

"ಈಗ್ಯಾಕ?" ಅಂದ, ತಿರುಗಿ ನೋಡದೆ. "ನಿನಗ ನೋವಾತಂತನ?"

ಚಾಚಾ ವಹಿ ಮುಚ್ಚಿದರು. ಕಾಯ್ದೆ ಹಾಗೇ ಉಳಿಯಿತು.

ಪ್ಲಾಸ್ಟರ್ ಹೆಬ್ಬೆರಳ ಹತ್ತಿರ ಬಿರುಕು ಬಿಟ್ಟಿತ್ತು. ಡಾಕ್ಟರು ಬೈದು ಹೊಸದು ಹಾಕಿದರು, ಆರು ವಾರದ್ದು ಎಂಟು ವಾರವಾಯಿತು. ಬಿಚ್ಚಿದ ಮೇಲೆ ಮಣಿಕಟ್ಟು ತುಸು ಸೊಟ್ಟ, ಇವತ್ತಿಗೂ ಹಾಗೇ ಇದೆ. ಗಾಜಿನ ಮೂಲೆಯ ನಾಲ್ಕನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಹನ್ನೊಂದು ಬರೆಸಿದೆ. ರಾಮದುರ್ಗ, ಕಟಕೋಳ, ಸಿರಸಂಗಿಯ ಬಾಡಿಗೆಗಳೆಲ್ಲ ನನ್ನ ಮುಂದಿನಿಂದ ಹೊರಟು ಹೋಗುತ್ತಿದ್ದವು. ಬೇವಿನ ಮರದ ಕೆಳಗೆ ಎಷ್ಟು ಹೊತ್ತಿಗೆ ಯಾವ ಕಡೆ ನೆರಳು ಇರುತ್ತದೆಂದು ಆ ವರ್ಷ ಕಲಿತೆ.

ಪ್ಲಾಸ್ಟರ್ ಬಿಚ್ಚಿದ ಹತ್ತನೇ ದಿನ, ಬೆಳಿಗ್ಗೆ, ಸ್ಟ್ಯಾಂಡಿನಲ್ಲಿ ಬ್ಯಾಟರಿ ಮತ್ತೆ ಕೈಕೊಟ್ಟಿತು. ಹ್ಯಾಂಡಲ್ ಹಾಕಿ ಬಗ್ಗಿದೆ. ಎಂಟನೆಯವನು ಬಾನೆಟ್ಟಿನ ಮೇಲೆ ಕೂತು ನೋಡುತ್ತಿದ್ದ.

"ಹೆಬ್ಬಟ್ಟು," ಅಂದ, ಎಲ್ಲರಿಗೂ ಕೇಳಿಸುವ ಹಾಗೆ.

ಹೆಬ್ಬೆರಳು ಸರಿಯಾದ ಬದಿಗೇ ಇತ್ತು. ಆದರೂ ಒಂದು ಸಲ ನೋಡಿಕೊಂಡೆ, ಆಮೇಲೆ ಎಳೆದೆ.